ನಿಮಗಿದು ಗೊತ್ತೇ? ಮನೆ ಖರೀದಿಯಲ್ಲಿ ಕಾಗದ ಬೇರೆ, ಹಕ್ಕು ಬೇರೆ

"ಕಾಗದ ಎಲ್ಲಾ ಪಕ್ಕಾ ಅದಾವ್ರೀ." ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮನೆ ಮಾರುವವರ ಮೊದಲ ಮಾತೇ ಇದು. ಯಾವ ಕಾಗದ ಎಂದು ಕೇಳಿ ನೋಡಿ. ಒಂದು ನೋಟರಿ ಬಾಂಡು, ಒಂದು ಉತಾರ, ಒಂದು ತೆರಿಗೆ ರಸೀದಿ ಚೀಲದಿಂದ ಹೊರಬರುತ್ತವೆ. ಮೂರರಲ್ಲಿ ಒಂದೂ ಮಾಲೀಕತ್ವದ ಪತ್ರವಲ್ಲ. ಅಲ್ಲಿಂದಲೇ ಶುರು ಮಾಡೋಣ.

● 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಬಾಳುವ ಮನೆ, ನಿವೇಶನ, ಹೊಲ ಯಾವುದೇ ಇರಲಿ, ನೋಂದಣಿಯಾದ ಖರೀದಿ ಪತ್ರವಿಲ್ಲದೆ ಮಾರಾಟ ಆಗುವುದೇ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುವುದು ಇಷ್ಟೇ. ಇಂದು ಆ ದುಡ್ಡಿಗೆ ಬಾಗಿಲ ಚಿಲಕವೂ ಬಾರದು. ಕಾಯ್ದೆಯಲ್ಲಿನ ಮಿತಿ ಮಾತ್ರ ಅಲ್ಲಿಂದ ಇಲ್ಲಿಯವರೆಗೆ ಕದಲಿಲ್ಲ.

● ನೋಟರಿಯ ಕೆಂಪು ಮುದ್ರೆ ಸಾಬೀತು ಮಾಡುವುದು ಸಹಿಯನ್ನು. ಮನೆ ಯಾರದೆಂದು ಅದು ಹೇಳುವುದಿಲ್ಲ. ಬಾಂಡ್ ಮೇಲೆ ನಿವೇಶನ ಕೊಂಡವರು ಕಾನೂನಿನ ಕಣ್ಣಲ್ಲಿ ದುಡ್ಡು ಕೊಟ್ಟವರು, ಅಷ್ಟೇ.

● ಮುಕ್ತಿಯಾರ್ ಪತ್ರ, ಅಂದರೆ ಜಿಪಿಎ ಬರೆಸಿಕೊಂಡು ಮನೆ ಕೊಂಡೆ ಎನ್ನುವವರಿಗೆ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲೇ ಉತ್ತರ ಹೇಳಿದೆ. ಸೂರಜ್ ಲ್ಯಾಂಪ್ ಪ್ರಕರಣದ ಆ ತೀರ್ಪಿನ ಪ್ರಕಾರ ಜಿಪಿಎ, ಕರಾರು, ಉಯಿಲು ಮೂರನ್ನೂ ಒಟ್ಟಿಗೆ ಹೊಲಿದರೂ ಅದು ಮಾರಾಟವಲ್ಲ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಮುಕ್ತಿಯಾರ್ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ.

● ಹಾಗೆಂದು ಮುಕ್ತಿಯಾರ್ ಪತ್ರವೇ ಕೆಟ್ಟದ್ದಲ್ಲ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ, ಮುಂಬೈಗೆ, ಪುಣೆಗೆ ಗುಳೆ ಹೋದವರು ಊರಿನ ಮನೆ ಮಾರಲು ಅಣ್ಣನಿಗೋ ಹೆಂಡತಿಗೋ ಅಧಿಕಾರ ಕೊಡಬಹುದು. ಅದಕ್ಕಾಗಿ ಕೂಲಿ ಬಿಟ್ಟು ಬರಬೇಕಿಲ್ಲ, ತಾವು ವಾಸವಿರುವ ಊರಿನ ಸಬ್ ರಿಜಿಸ್ಟ್ರಾರ್ ಎದುರೇ ಮಾಡಿಕೊಡಬಹುದು.

● ಹಾಸಿಗೆ ಹಿಡಿದ ಅಜ್ಜಿಯನ್ನು ಆಟೋದಲ್ಲಿ ಹೇರಿಕೊಂಡು ಕಚೇರಿಗೆ ಒಯ್ಯುವ ದೃಶ್ಯ ಇನ್ನೂ ತಪ್ಪಿಲ್ಲ. 1908ರ ನೋಂದಣಿ ಕಾಯ್ದೆಯ 38ನೇ ಕಲಂ ಪ್ರಕಾರ ಬರಲಾಗದ ರೋಗಿಯ ಮನೆಗೆ ಅಧಿಕಾರಿಯೇ ಬರಬೇಕು, ಇಲ್ಲವೇ ಪ್ರತಿನಿಧಿಯನ್ನು ಕಳಿಸಬೇಕು. ಜೈಲಿನಲ್ಲಿರುವವರಿಗೂ ಇದೇ ನಿಯಮ. ಒಂದು ಅರ್ಜಿ, ಒಂದಿಷ್ಟು ಶುಲ್ಕ ಸಾಕು.

● ಸಬ್ ರಿಜಿಸ್ಟ್ರಾರ್ ಕಚೇರಿ ಮಾಲೀಕತ್ವವನ್ನು ಪರೀಕ್ಷಿಸುವ ಜಾಗವಲ್ಲ. ಮಾರುವವನಿಗೆ ಹಕ್ಕಿದೆಯೇ ಎಂದು ತೀರ್ಮಾನಿಸುವುದು ನೋಂದಣಿ ಅಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಮತ್ತೆ ಹೇಳಿತು. "ರಿಜಿಸ್ಟರ್ ಆಗ್ಯಾದಲ್ರೀ, ಇನ್ನೇನು" ಎನ್ನುವ ನೆಮ್ಮದಿ ಅರ್ಧ ನೆಮ್ಮದಿ ಮಾತ್ರ. ಇನ್ನರ್ಧ ಹಿಂದಿನ ಪತ್ರಗಳ ಸರಪಳಿಯಲ್ಲಿದೆ.

● ಖರೀದಿ ಪತ್ರಕ್ಕೆ ಸಹಿ ಬಿದ್ದ ದಿನದಿಂದ ನೋಂದಣಿಗೆ ಹಾಜರುಪಡಿಸಲು 4 ತಿಂಗಳು ಅವಕಾಶ. ತಪ್ಪಿದರೆ ದಂಡ ಕಟ್ಟಿ ಇನ್ನೂ 4 ತಿಂಗಳು. ದಂಡ ನೋಂದಣಿ ಶುಲ್ಕದ 10 ಪಟ್ಟಿನವರೆಗೂ ಏರಬಹುದು.

● ನೋಂದಣಿಯಾದ ಪತ್ರ ಜಾರಿಗೆ ಬರುವುದು ನೋಂದಣಿಯಾದ ದಿನದಿಂದಲ್ಲ, ಸಹಿ ಮಾಡಿದ ದಿನದಿಂದ. ಒಂದೇ ಮನೆಯನ್ನು ಇಬ್ಬರಿಗೆ ಮಾರಿದ ಚಾಲಾಕಿಗಳ ಪ್ರಕರಣದಲ್ಲಿ ನೋಂದಣಿ ಕಾಯ್ದೆಯ ಈ 47ನೇ ಕಲಂ ಎಷ್ಟೋ ಮನೆಗಳನ್ನು ಉಳಿಸಿದೆ, ಎಷ್ಟೋ ಮನೆಗಳನ್ನು ಕಳೆದಿದೆ.

● ಖರೀದಿ ಪತ್ರಕ್ಕೆ ಸಾಕ್ಷಿಗಳ ಸಹಿ ಬೇಕೇಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದಿಲ್ಲ! ದಾನಪತ್ರಕ್ಕೆ ಇಬ್ಬರು ಬೇಕು, ಉಯಿಲಿಗೆ ಇಬ್ಬರು ಬೇಕು. ಆದರೂ ಖರೀದಿಗೆ ಸಾಕ್ಷಿ ಹಾಕಿಸುವ ರೂಢಿ ಒಳ್ಳೆಯದೇ. ನಾಳೆ ಕೋರ್ಟಿನಲ್ಲಿ ಮಾತಾಡಲು ಒಬ್ಬರಾದರೂ ಬೇಕಲ್ಲ.

● ಛಾಪಾ ಕಾಗದಕ್ಕೆ 6 ತಿಂಗಳ ಆಯುಷ್ಯ ಎಂಬ ನಂಬಿಕೆ ಸುಳ್ಳು. 6 ತಿಂಗಳ ಮಾತು ಇರುವುದು ಬಳಸದ ಕಾಗದದ ದುಡ್ಡು ವಾಪಸ್ ಕೇಳಲು. ಹಳೆಯ ಛಾಪಾ ಕಾಗದ ಬಳಸಿದ ಮಾತ್ರಕ್ಕೆ ದಸ್ತಾವೇಜು ಕೆಡದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

● ಬಯಾನಾ 20,000 ರೂಪಾಯಿ ಅಥವಾ ಹೆಚ್ಚಿದ್ದರೆ ನಗದು ಕೂಡದು. 2015ರ ಜೂನ್ 1ರಿಂದ ಬಂದ ನಿಯಮ ಇದು. ಕೊಟ್ಟವರಿಗಲ್ಲ, ಪಡೆದವರಿಗೆ ದಂಡ. ಪಡೆದಷ್ಟೂ ದಂಡ! ಚೆಕ್, ಆರ್‌ಟಿಜಿಎಸ್, ಯುಪಿಐ ಆದರೆ ಚಿಂತೆಯಿಲ್ಲ. ನೋಟಿನ ಕಟ್ಟು ಎಣಿಸಿ, ಬೀಡಾ ಹಂಚಿ, ಕೈ ಕುಲುಕುವ ವ್ಯವಹಾರದಲ್ಲಿ ಸಾಕ್ಷಿಯಾಗಿ ಉಳಿಯುವುದು ಬೀಡಾದ ಕಲೆ ಮಾತ್ರ.

● ಕರಾರು ಆದಮೇಲೆ ಮಾರುವವರು ಮನಸ್ಸು ಬದಲಿಸಿದರೆ ಬಯಾನಾ ದುಪ್ಪಟ್ಟು ಕೊಡಬೇಕೆಂಬ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ಕರಾರಿನಲ್ಲಿ ಹಾಗೆ ಬರೆದಿದ್ದರೆ ಮಾತು ಬೇರೆ. ಕಾನೂನು ಕೊಡುವ ದೊಡ್ಡ ಅಸ್ತ್ರ ಇನ್ನೊಂದಿದೆ: "ಮನೆಯನ್ನೇ ಬರೆದುಕೊಡಿಸಿ" ಎಂಬ ದಾವೆ. 2018ರ ತಿದ್ದುಪಡಿಯ ನಂತರ ಇದನ್ನು ಕೊಡುವುದೇ ಕೋರ್ಟಿನ ಸಾಮಾನ್ಯ ನಿಯಮವಾಗಿದೆ. ಗಡುವು 3 ವರ್ಷ. ಕರಾರಿನಲ್ಲಿ ದಿನಾಂಕ ಬರೆದಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಮಾರುವವರು ಒಲ್ಲೆ ಎಂದದ್ದು ಗೊತ್ತಾದ ದಿನದಿಂದ.

● ಮಾರುವವರು ನಡುವೆ ತೀರಿಕೊಂಡರೆ ಕರಾರು ಸಾಯುವುದಿಲ್ಲ, ವಾರಸುದಾರರನ್ನೂ ಅದು ಕಟ್ಟಿಹಾಕುತ್ತದೆ. ತೀರಿಕೊಂಡವರ ದಿನಕರ್ಮ ಮುಗಿಯುವವರೆಗೆ ಕಾಯುವುದು ಸೌಜನ್ಯ, 3 ವರ್ಷ ಕಾಯುವುದು ದಡ್ಡತನ.

● ಕಬ್ಜಾ ಸಹಿತ ಕರಾರು ಮಾಡಿಕೊಂಡರೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. 2001ರಿಂದೀಚೆಗೆ ಅಂಥ ಕರಾರು ನೋಂದಣಿಯಾಗದಿದ್ದರೆ ಕಬ್ಜಾದ ರಕ್ಷಣೆಯೂ ಸಿಗದು.

ಇನ್ನು ನಮ್ಮ ಭಾಗದ ವಿಶೇಷಕ್ಕೆ ಬರೋಣ.

● ಸುರಪುರದ ಹಳೆಯ ಓಣಿಯ ಒಂದು ಕಲ್ಲಿನ ಮನೆ ನಿಂತಲ್ಲೇ ನಿಂತು ಎಷ್ಟು ಆಡಳಿತ ಕಂಡಿದೆ ಗೊತ್ತೇ? 1858ರವರೆಗೆ ನಾಯಕರ ಸಂಸ್ಥಾನ. ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದ ಮೇಲೆ ಬ್ರಿಟಿಷರು. 1860ರಲ್ಲಿ ಅವರು ಅದನ್ನು ನಿಜಾಮನಿಗೆ ಕೊಟ್ಟರು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಭಾರತ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, ಅದೇ ಮುಂದೆ ಕರ್ನಾಟಕ. ಜಿಲ್ಲೆ ಮೊದಲು ಗುಲಬರ್ಗಾ (ಈಗಿನ ಕಲಬುರಗಿ), 2010ರಿಂದ ಯಾದಗಿರಿ. ಹೀಗಾಗಿ ಮೂಲಪತ್ರ ಹುಡುಕುವವರು ಹಳೆಯ ದಾಖಲೆಗೆ ಕಲಬುರಗಿಗೂ ಅಲೆಯಬೇಕಾಗಬಹುದು. ಸಂಸ್ಥಾನದ ಕಾಲದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಮಾತ್ರ ಗುಡ್ಡದ ಮೇಲೆ ಸರ್ಕಾರದ ಸ್ವತ್ತಾಗಿ ನಿಂತಿದೆ, ಯಾವ ಭಾಗಾಂಶದ ದಾವೆಯ ಹಂಗೂ ಇಲ್ಲದೆ.

● ನಿಜಾಮರ ಕಾಲದ ಕಾಗದ ಹೆಚ್ಚಾಗಿ ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿಯಲ್ಲಿರುತ್ತದೆ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. 1358 ಫಸಲಿ ಅಂದರೆ 1948–49. ಜಾಗೀರುಗಳನ್ನು ರದ್ದು ಮಾಡಿದ ಹೈದರಾಬಾದ್ ಕಾನೂನು ಆ ವರ್ಷದ್ದೇ. "ಜಾಗೀರ್ದಾರರು ಬರೆದುಕೊಟ್ಟದ್ದು" ಎಂಬ ಪತ್ರ ತೋರಿಸಿದರೆ ತಾರೀಖು ಮೊದಲು ಲೆಕ್ಕ ಹಾಕಿ. ಉರ್ದು ಬಲ್ಲವರಿಂದ ಕನ್ನಡಕ್ಕೆ ಮಾಡಿಸಿ, ಓದಿಸಿಕೊಂಡೇ ಮುಂದುವರಿಯಿರಿ. ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಅದು ಪಟ್ಟಾ ಆಗದು.

● 371ನೇ ಜೆ ಕಲಂ ಇರುವುದರಿಂದ ಹೊರ ಜಿಲ್ಲೆಯವರು ಇಲ್ಲಿ ಮನೆ ಕೊಳ್ಳುವಂತಿಲ್ಲ ಎನ್ನುವವರಿದ್ದಾರೆ. ಸುಳ್ಳು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ಕಲಂ ಹೇಳುವುದು ಅಭಿವೃದ್ಧಿ ಮಂಡಳಿ, ನೌಕರಿ ಮತ್ತು ಶಿಕ್ಷಣದ ಮೀಸಲಾತಿಯ ಬಗ್ಗೆ. ಜಮೀನಿನ ಮಾತೇ ಅದರಲ್ಲಿಲ್ಲ.

● ಕೃಷಿಕರಲ್ಲದವರು ಹೊಲ ಕೊಳ್ಳಬಾರದೆಂಬ ನಿರ್ಬಂಧವೂ 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ ಹೋಯಿತು. ಆದರೆ ವಿದೇಶದಲ್ಲಿ ನೆಲೆಸಿದ ಅನಿವಾಸಿ ಭಾರತೀಯರು ಇಲ್ಲಿ ಮನೆ ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ.

● ನಾರಾಯಣಪುರದ ಕಾಲುವೆ ನೀರು ಬಂದಮೇಲೆ ಶಹಾಪುರ, ಸುರಪುರ ಕಡೆ ಜಮೀನು ಕೈ ಬದಲಾದ ವೇಗಕ್ಕೆ ಒಂದು ಕಾನೂನು ಸದಾ ಬೆನ್ನುಹತ್ತಿದೆ. ಅದು ಪಿಟಿಸಿಎಲ್, 1978ರ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ ಆ ಮಾರಾಟ ಅಸಿಂಧು. 1979ರ ಜನವರಿ 1ರ ನಂತರವಂತೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಕೊಟ್ಟ ದುಡ್ಡು ಹೋಯಿತು, ಜಮೀನು ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್. ನಡುವೆ ಎಷ್ಟು ಕೈ ದಾಟಿದ್ದರೂ ಲೆಕ್ಕಕ್ಕಿಲ್ಲ. "ತುಂಬಾ ತಡವಾಗಿ ಬಂದರು" ಎಂಬ ವಾದಕ್ಕೆ 2017ರ ಸುಪ್ರೀಂ ಕೋರ್ಟ್ ತೀರ್ಪು ಬಲ ಕೊಟ್ಟಿತ್ತು. ಅದನ್ನು ದಾಟಲೆಂದೇ ರಾಜ್ಯ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆಯಿತು. ಬೇಡ ನಾಯಕರು, ದಲಿತರು, ಲಂಬಾಣಿಗರು ಇಷ್ಟೊಂದು ಸಂಖ್ಯೆಯಲ್ಲಿರುವ ಸೀಮೆಯಲ್ಲಿ ಹೊಲವೊಂದು ಬಡಾವಣೆಯಾಗಿ ನಿವೇಶನಗಳು ಮಾರಾಟಕ್ಕಿವೆ ಎಂದರೆ ಮೊದಲ ಪ್ರಶ್ನೆ ಬೆಲೆಯದ್ದಾಗಬಾರದು. "ಈ ಸರ್ವೆ ನಂಬರು ಮೂಲದಲ್ಲಿ ಯಾರಿಗೆ, ಹೇಗೆ ಬಂತು?" ಎಂದು ಕೇಳಿ. ಕಾಯ್ದೆ ಕೊಳ್ಳುವವರಿಗೆ ಕಠೋರವಾಗಿ ಕಾಣಬಹುದು. ಸಾರಾಯಿಗೂ ಸಾಲಕ್ಕೂ ಎಕರೆಗಟ್ಟಲೆ ಬರೆಸಿಕೊಂಡ ಚರಿತ್ರೆ ಗೊತ್ತಿದ್ದವರಿಗೆ ಹಾಗೆ ಕಾಣದು.

● 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ಗೆ ಬಂದು, ಅಲ್ಲಿಂದ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಹೋಗಿ ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ತಾಂಡಾ, ಹಟ್ಟಿಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ. ದಾಖಲೆಯಲ್ಲೇ ಇಲ್ಲದ ಸುಮಾರು 1,475 ವಸತಿಗಳು ಕಂದಾಯ ಗ್ರಾಮಗಳಾದವು. ಇಂಥ ಮನೆ ಕೊಳ್ಳುವಾಗ ಹಕ್ಕುಪತ್ರದ ಷರತ್ತುಗಳನ್ನು ಅಕ್ಷರ ಅಕ್ಷರ ಓದಿ. ಆಶ್ರಯ ಮನೆಗಳಿಗೂ ಇದೇ ಮಾತು.

● ಸಾಲಕ್ಕೆ ಮನೆ "ಖರೀದಿ ಹಾಕಿಕೊಡುವ" ಪದ್ಧತಿ ಕೇಳಿರಬೇಕು. ಬೇಕಾದದ್ದು 5 ಲಕ್ಷ ಕೈಸಾಲ. ಬರೆಸಿಕೊಳ್ಳುವುದು ಪೂರ್ತಿ ಖರೀದಿ ಪತ್ರ. "ದುಡ್ಡು ಕೊಟ್ಟ ದಿನ ತಿರುಗಿ ಬರೆದುಕೊಡ್ತೀನಿ" ಎಂಬುದು ಬಾಯಿಮಾತು, ಹೆಚ್ಚೆಂದರೆ ಬೇರೊಂದು ಬಾಂಡು. ಆಸ್ತಿ ವರ್ಗಾವಣೆ ಕಾಯ್ದೆಯ 1929ರ ತಿದ್ದುಪಡಿ ಇದಕ್ಕೆ ನಿಷ್ಠುರ ಗೆರೆ ಎಳೆದಿದೆ: ವಾಪಸ್ ಬರೆದುಕೊಡುವ ಷರತ್ತು ಅದೇ ಖರೀದಿ ಪತ್ರದೊಳಗೆ ಇದ್ದರೆ ಮಾತ್ರ ಅದನ್ನು ಷರತ್ತು ಮಾರಾಟದ ಅಡಮಾನ ಎನ್ನಬಹುದು. ಬೇರೆ ಕಾಗದದಲ್ಲಿದ್ದರೆ ಅದು ಅಡಮಾನವಲ್ಲ. ಅಡಮಾನವಾದರೆ ಬಿಡಿಸಿಕೊಳ್ಳಲು 30 ವರ್ಷದ ಕಾಲಾವಕಾಶ. ಬರೀ ವಾಪಸಾತಿ ಕರಾರಾದರೆ ಹೇಳಿದ ಗಡುವು, ಅದು ಮುಗಿದಮೇಲೆ 3 ವರ್ಷದ ದಾವೆ, ಅಷ್ಟೇ. ಅಡಮಾನವೇ ಬೇಕಿದ್ದರೆ ಅಡಮಾನ ಪತ್ರವನ್ನೇ ನೋಂದಾಯಿಸಿ. ಸಾಲ ಕೊಡುವವ ಅದಕ್ಕೆ ಒಪ್ಪದಿದ್ದರೆ ಅವನ ಕಣ್ಣು ಬಡ್ಡಿಯ ಮೇಲಿಲ್ಲ, ಮನೆಯ ಮೇಲಿದೆ.

● ಪಹಣಿಯಲ್ಲಿ ಹೆಸರಿದ್ದವರೇ ಮಾಲೀಕರು? ಹಾಗೆಂಬ ಊಹೆಯನ್ನು ಕಂದಾಯ ಕಾಯ್ದೆ ಮಾಡುತ್ತದೆ, ಬೇರೆಯವರು ಸುಳ್ಳೆಂದು ಸಾಬೀತು ಮಾಡುವವರೆಗೆ ಮಾತ್ರ. ಕಂದಾಯ ದಾಖಲೆ ಹಕ್ಕು ಹುಟ್ಟಿಸದು ಎಂದು ಸುಪ್ರೀಂ ಕೋರ್ಟ್ ಪದೇಪದೇ ಹೇಳುತ್ತಲೇ ಬಂದಿದೆ. ಪಹಣಿಯ 9ನೇ ಕಾಲಂ ಹೆಸರು ನೋಡಲು. 10 ಆ ಹೆಸರು ಹೇಗೆ ಬಂತೆಂದು ತಿಳಿಯಲು. 11 ಸಾಲ, ತಕರಾರು, ನಿರ್ಬಂಧಕ್ಕೆ. ಜನ 9ನ್ನು ನೋಡಿ ಮಡಚಿಡುತ್ತಾರೆ. ಕಥೆ ಇರುವುದು 11ರಲ್ಲಿ.

● ಖಾತಾ ಕೂಡ ತೆರಿಗೆ ಯಾರು ಕಟ್ಟಬೇಕು ಎಂಬುದರ ದಾಖಲೆ. ಹಾಗಿದ್ದರೂ ಅದಿಲ್ಲದೆ ಈಗ ಮಾರಾಟ ನಡೆಯದು: 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ. ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳ ವ್ಯಾಪ್ತಿಯಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು. ಊರ ಪಂಚಾಯಿತಿಯಲ್ಲಿ "ನಮೂನೆ 9 ಮತ್ತು 11" ಎಂದರೆ ಇದೇ.

● ನಮೂನೆ 11ರಲ್ಲೂ ಎರಡುಂಟು. 11ಎ ಬೇರೆ, 11ಬಿ ಬೇರೆ. 11ಬಿ ಸಿಕ್ಕಿದರೆ ತೆರಿಗೆ ಕಟ್ಟಿಸಿಕೊಳ್ಳಲು ಪಂಚಾಯಿತಿ ಒಪ್ಪಿದೆ ಎಂದರ್ಥ. ಬಡಾವಣೆಗೆ ಮಂಜೂರಾತಿ ಸಿಕ್ಕಿದೆ ಎಂದಲ್ಲ. 2025ರಿಂದ ನಗರಸಭೆಗಳು ಕೊಡುತ್ತಿರುವ ಬಿ-ಖಾತಾದ ಹಣೆಬರಹವೂ ಹೀಗೇ.

● ಒಂದು ಗುಂಟೆ 1,089 ಚದರಡಿ. ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 30–40ರ ನಿವೇಶನ 1,200 ಚದರಡಿ, ಒಂದು ಗುಂಟೆಗೂ ದೊಡ್ಡದು. ಎಕರೆಗೆ 40 ನಿವೇಶನ ಹೊರಡಿಸಿ ಮಾರುವವರು ರಸ್ತೆ, ಉದ್ಯಾನ ಎಲ್ಲಿಟ್ಟಿದ್ದಾರೆಂದು ನೀವೇ ಕೇಳಿ.

● ಸರ್ವೆ ನಂಬರಿನ ಒಂದು ತುಂಡನ್ನು ಮಾರಲು 11ಇ ನಕ್ಷೆ ಬೇಕು. ಅದಿಲ್ಲದೆ ಹೊಲದ ಭಾಗ ನೋಂದಣಿಯಾಗದು. ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ ಬೇವಿನ ಗಿಡ" ಎಂದು ಬರೆಸುವ ಕಾಲ ಹೋಯಿತು. ಗಿಡ ಕಡಿದವರಿಗೆ ಗಡಿಯೂ ಕಡಿದಂತೆ.

● ಎನ್.ಎ. ಆದೇಶ ಆದ ಕೂಡಲೇ ಅದು ಬಡಾವಣೆಯಲ್ಲ. ಬೇಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಕಂದಾಯ ಕಾಯ್ದೆಯ 95ನೇ ಕಲಂ. ನಿವೇಶನ ಮಾಡಲು ಯೋಜನಾ ಪ್ರಾಧಿಕಾರದ ವಿನ್ಯಾಸ ಮಂಜೂರಾತಿ ಬೇರೆಯೇ ಬೇಕು. 500 ಚದರ ಮೀಟರಿಗೂ ದೊಡ್ಡ ಯೋಜನೆಯಾದರೆ ರೇರಾ ನೋಂದಣಿಯೂ ಸೇರಬೇಕು. ರೇರಾ ಪ್ರಕಾರ, ನೋಂದಣಿಯಾದ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.

● ಕೋಟೆಯ ಬುಡದಲ್ಲಿ, ಹಳೆಯ ಗುಡಿಯ ಮಗ್ಗುಲಲ್ಲಿ ಅಗ್ಗಕ್ಕೆ ಮನೆ ಸಿಕ್ಕಿತೇ? ಆ ಸ್ಮಾರಕ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಅಗ್ಗದ ಕಾರಣ ಅದೇ ಇರಬಹುದು.

● ವಕ್ಫ್ ಆಸ್ತಿ, ಮುಜರಾಯಿ ದೇವಸ್ಥಾನದ ಆಸ್ತಿ. ಉಸ್ತುವಾರಿ ನೋಡುವವರು ಮಾಲೀಕರಲ್ಲ, ಅವರ ಸಹಿಗೆ ಮನೆ ಬಾರದು.

ಮನೆಮಂದಿಯ ಸಹಿ ಯಾರ್‍ಯಾರದು?

● ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕೇ? ದಲ್ಲಾಳಿಗಳು "ಬ್ಯಾಡ ಬಿಡ್ರೀ, ಅವರಿಗೆ ಆಗಲೇ ಕೊಟ್ಟು ಮುಗಿಸ್ಯಾರ" ಎನ್ನುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಪಾಲುದಾರಳು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ 11 ವರ್ಷ ಮೊದಲೇ, 1994ರ ಜುಲೈ 30ರಂದು ಹೆಜ್ಜೆ ಇಟ್ಟಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಅಂದು ತಂದೆ ಬದುಕಿರಬೇಕಿತ್ತೇ ಎಂಬ ಜಗಳ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಮುಗಿಯಿತು: ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ. 2004ರ ಡಿಸೆಂಬರ್ 20ಕ್ಕೆ ಮುಂಚೆ ನಡೆದ ಮಾರಾಟ, ನೋಂದಣಿಯಾದ ವಾಟ್ನಿ ಉಳಿಯುತ್ತವೆ. ಅರಿಷಿಣ ಕುಂಕುಮಕ್ಕೆ ಕೊಟ್ಟದ್ದು ಪಾಲಲ್ಲ. ಸೀರೆ ಕೊಟ್ಟು ಹಕ್ಕು ಬಿಡುಗಡೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಬಿಳಿ ಹಾಳೆಯೂ ಬಿಡುಗಡೆಯಲ್ಲ, ಅದೂ ನೋಂದಣಿಯಾಗಬೇಕು. ಇಲ್ಲಿನ ಎಷ್ಟೋ ಮನೆ ವ್ಯಾಜ್ಯಗಳ ಮೂಲ ಈ ಒಂದು ಸಹಿ. ಅಕ್ಕ-ತಂಗಿಯರನ್ನು ಕರೆಯಿಸದ ಖರೀದಿಗೆ ಹೋಗಲೇಬೇಡಿ.

● ತಂದೆ ಸ್ವಂತ ದುಡಿಮೆಯಿಂದ ಕಟ್ಟಿದ ಮನೆಯಾದರೆ? ಬದುಕಿರುವಾಗ ಅವರೊಬ್ಬರ ಸಹಿ ಸಾಕು. ಮಕ್ಕಳ ಒಪ್ಪಿಗೆ ಕಾನೂನಿಗೆ ಬೇಕಿಲ್ಲ, ಮನೆಯ ಶಾಂತಿಗೆ ಬೇಕಾಗಬಹುದು.

● ಅವಿಭಕ್ತ ಕುಟುಂಬದ ಯಜಮಾನ ಕುಟುಂಬದ ಅವಶ್ಯಕತೆಗೆ ಎಲ್ಲರ ಸಹಿ ಇಲ್ಲದೆಯೂ ಮಾರಬಹುದು. ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ಅವಶ್ಯಕತೆ ಇತ್ತೆಂದು ತೋರಿಸುವ ಭಾರ ಕೊಂಡವರ ಹೆಗಲಿಗೆ. ಮದುವೆಗೋ ಆಸ್ಪತ್ರೆಗೋ ಎಂಬುದು ಪತ್ರದಲ್ಲೇ ಬರೆದಿರಲಿ.

● ಹಿಂದೂ ಅಪ್ರಾಪ್ತ ಮಗುವಿನ ಹೆಸರಿನ ಮನೆಯನ್ನು ಅಪ್ಪ-ಅಮ್ಮನೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಮಗು 18 ತುಂಬಿ 3 ವರ್ಷದೊಳಗೆ ಅದನ್ನು ಧಿಕ್ಕರಿಸಬಹುದು. ಅದಕ್ಕೆ ದಾವೆಯೇ ಬೇಕೆಂದಿಲ್ಲ, ನಡತೆಯಿಂದಲೂ ಧಿಕ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಪ್ರಕರಣ ದಾವಣಗೆರೆಯ ಶಾಮನೂರಿನ ನಿವೇಶನಗಳದ್ದು.

● ಮುಸ್ಲಿಂ ಕುಟುಂಬದಲ್ಲಿ ಹುಟ್ಟಿನಿಂದ ಬರುವ ಪಾಲು ಇಲ್ಲ. ತಂದೆ ಬದುಕಿರುವವರೆಗೆ ಆಸ್ತಿ ಅವರದೇ. ನಂತರ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಉಯಿಲು ಮೂರನೇ ಒಂದು ಭಾಗದವರೆಗೆ ಮಾತ್ರ. ಹಿಬಾ, ಅಂದರೆ ದಾನ, ಬಾಯಿಮಾತಿನಲ್ಲೂ ನಡೆಯುತ್ತದೆ: ಘೋಷಣೆ, ಸ್ವೀಕಾರ, ಕಬ್ಜಾ ಮೂರೂ ಇದ್ದರೆ.

● ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಬಿಳಿ ಹಾಳೆ, ಸಹಿ, ಇಬ್ಬರು ಸಾಕ್ಷಿ.

● ಅಣ್ಣ ತಾನು ವಾರಸಾದಲ್ಲಿ ಪಡೆದ ಭಾಗವನ್ನು ಹೊರಗಿನವರಿಗೆ ಮಾರಹೊರಟರೆ ಉಳಿದ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ. ಹೊಲಕ್ಕೂ ಇದು ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದುಡ್ಡಿನ ಲೆಕ್ಕ ಬೇಗ ಮುಗಿಸೋಣ.

● ಸುರಪುರ ಪಟ್ಟಣದಲ್ಲಿ 30 ಲಕ್ಷದ ಮನೆ ಕೊಂಡರೆ ಮುದ್ರಾಂಕ ಶುಲ್ಕ ಶೇ 5ರಂತೆ 1,50,000. ಅದರ ಮೇಲೆ ಶೇ 10 ಸೆಸ್ 15,000, ಶೇ 2 ಸರ್ಚಾರ್ಜ್ 3,000. ನೋಂದಣಿ ಶುಲ್ಕ ಶೇ 2ರಂತೆ 60,000. ಒಟ್ಟು 2,28,000. ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ದುಪ್ಪಟ್ಟಾಯಿತು. ಹಳ್ಳಿಯಲ್ಲಾದರೆ ಸರ್ಚಾರ್ಜ್ ಶೇ 3. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ ಈ ಖರ್ಚು ಕೊಳ್ಳುವವರದು. "45 ಲಕ್ಷದೊಳಗೆ ರಿಯಾಯಿತಿ ಇದೆ" ಎಂದು ಕೇಳಿದ್ದರೆ, ಅದು ಅಪಾರ್ಟ್‌ಮೆಂಟ್ ಫ್ಲ್ಯಾಟಿನ ಮೊದಲ ಮಾರಾಟಕ್ಕೆ.

● ದೆಹಲಿಯಲ್ಲಿ ಮಹಿಳೆಯ ಹೆಸರಿಗೆ ಕೊಂಡರೆ ಮುದ್ರಾಂಕ ಶುಲ್ಕ ಕಡಿಮೆ. ಕರ್ನಾಟಕದಲ್ಲಿ ಹಾಗಿಲ್ಲ. ಆದರೂ ಹೆಂಡತಿಯ ಹೆಸರಿಗೆ ಕೊಳ್ಳಿ, ಲೆಕ್ಕಕ್ಕೆ ಸಿಗುವ ದುಡ್ಡಾದರೆ ಅದು ಬೇನಾಮಿ ಅಲ್ಲ.

● ಸರ್ಕಾರಿ ದರಕ್ಕಿಂತ ಕಡಿಮೆ ಬೆಲೆ ಬರೆಸಿದರೆ ಪತ್ರ ಜಿಲ್ಲಾ ನೋಂದಣಾಧಿಕಾರಿಯ ಮುಂದೆ ಹೋಗಬಹುದು. ಆದಾಯ ತೆರಿಗೆಯವರು ಶೇ 10ರಷ್ಟು ವ್ಯತ್ಯಾಸ ಸಹಿಸಿಕೊಳ್ಳುತ್ತಾರೆ, ಅದಕ್ಕೂ ಮೀರಿದರೆ ಇಬ್ಬರಿಗೂ ತೆರಿಗೆ. ಇನ್ನೊಂದು ಏಟು ಇದೆ: ನಾಳೆ ಮನೆ ಕೈತಪ್ಪಿದರೆ ವಾಪಸ್ ಕೇಳಲು ಪತ್ರದಲ್ಲಿರುವ ಮೊತ್ತವೇ ಆಧಾರ.

● ಮಾರುವವರಿಗೆ: 24 ತಿಂಗಳಿಗೂ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5 ತೆರಿಗೆ. ಆ ದಿನಕ್ಕೆ ಮುಂಚೆ ಕೊಂಡದ್ದಾದರೆ ಹಣದುಬ್ಬರ ಕಳೆದು ಶೇ 20ರ ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳಬಹುದು. 2 ವರ್ಷದಲ್ಲಿ ಇನ್ನೊಂದು ಮನೆ ಕೊಂಡರೆ, ಇಲ್ಲವೇ 3 ವರ್ಷದಲ್ಲಿ ಕಟ್ಟಿಸಿದರೆ ಅದಕ್ಕೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ.

● ಹಿಂದಿನ ಮಾಲೀಕರ ಜೆಸ್ಕಾಂ ಬಾಕಿ ನಿಮ್ಮ ತಲೆಗೆ ಬರಬಹುದು. ಬಾಕಿ ತೀರಿಸಿದರೇ ಹೊಸ ಸಂಪರ್ಕ ಎಂದು ವಿದ್ಯುತ್ ಕಂಪನಿಗಳು ಷರತ್ತು ಹಾಕಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಕೊನೆಯ ಬಿಲ್ಲಿನ ರಸೀದಿ ಕೇಳಿ ಪಡೆಯಿರಿ.

● ಋಣಭಾರ ಪತ್ರ, ಜನರ ಬಾಯಲ್ಲಿ ಇ.ಸಿ., ನೋಂದಣಿಯಾದದ್ದನ್ನು ಮಾತ್ರ ತೋರಿಸುತ್ತದೆ. ಕೋರ್ಟಿನ ದಾವೆ, ಬಾಯಿಮಾತಿನ ವಾಟ್ನಿ, ನೋಂದಣಿಯಾಗದ ಕರಾರು, ಬಾಡಿಗೆದಾರ, ಯಾವುದೂ ಅದರಲ್ಲಿ ಇರದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದೀಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಹಾಕಿ. 30 ವರ್ಷದ್ದು ತೆಗೆಸುವುದು ವಕೀಲರ ರೂಢಿ.

● ದಾವೆ ನಡೆಯುತ್ತಿರುವ ಮನೆ ಕೊಂಡರೆ ತೀರ್ಪು ನಿಮಗೂ ಅನ್ವಯ, ದಾವೆಯ ವಿಷಯ ಗೊತ್ತಿರಲಿಲ್ಲ ಎಂದರೂ ಸರಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಉಚಿತವಾಗಿ ಹುಡುಕಬಹುದು. ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ನಾಲ್ಕೈದು ಬಗೆಗಳನ್ನೂ ಹಾಕಿ ನೋಡಿ.

● 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಸುರಪುರದ ಮನೆಗೆ ಯಾದಗಿರಿಯಲ್ಲಿ ಸಹಿ ಹಾಕಿದರೂ ನಡೆಯುತ್ತದೆ.

● ಯಾದಗಿರಿಯ ವ್ಯಾಜ್ಯದ ಮೇಲ್ಮನವಿಗೆ ಬೆಂಗಳೂರಿನ ರೈಲು ಹತ್ತುವ ಕಾಲ ಮುಗಿದಿದೆ. ಹೈಕೋರ್ಟಿನ ಪೀಠ ಕಲಬುರಗಿಯಲ್ಲಿ 2008ರಿಂದ ಸಂಚಾರಿಯಾಗಿ, 2013ರಿಂದ ಕಾಯಂ ಆಗಿ ಕೂರುತ್ತಿದೆ.

● ಕೊನೆಯದು. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕಾಗದ ತೋರಿಸದೆ ಬಯಾನಾ ಕೊಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ನೆರವು ಉಚಿತ. ದೂರವಾಣಿ 15100. ಕರೆಗೆ ದುಡ್ಡಿಲ್ಲ.